ಹೊಸ್ತಿಲಿಗೆ ಹುಕ್ಕೇರಿ ನೀರು

ರಾಜಪ್ಪನ ಹೊಸ ಮನೆಗೆ ಬಣ್ಣ ಬಳಿದು ಮುಗಿದಿತ್ತು. ಬಾಗಿಲ ಚೌಕಟ್ಟು ಸಾಗವಾನಿಯದು. ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ವಾಸ್ತುಶಾಂತಿಗೆ ಬೀಗರಿಗೆ, ನೆಂಟರಿಗೆ ಎಲ್ಲರಿಗೂ ಹೇಳಿ ಆಗಿತ್ತು. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಅವನ ತಾಯಿ ಶೆಟ್ಟೆವ್ವ ಮನೆ ನೋಡಲು ಬಂದಳು. ಹೊಸ್ತಿಲ ಈಚೆ ನಿಂತವಳು ಒಳಗೆ ಕಾಲಿಡಲೇ ಇಲ್ಲ.

"ಈ ಹೊಸ್ತಿಲಕ್ಕ ಹುಕ್ಕೇರಿ ನೀರ ಬಿದ್ದಿಲ್ಲ. ಬೀಳೂತನಕಾ ನಾ ದಾಟಂಗಿಲ್ಲ."

"ಯವ್ವಾ, ಅದನ್ನ ಈಗ ಯಾರ ಹಾಕ್ತಾರ?" ಅಂದ ರಾಜಪ್ಪ.

"ಹಾಕೂದ ಬ್ಯಾಡ ಬಿಡು. ನಾನೂ ದಾಟೂದ ಬ್ಯಾಡ. ನೀವು ಒಳಗ ಕುಂತು ಹೋಳಿಗಿ ಉಣ್ರಿ. ನಾ ಇಲ್ಲೇ ಕಟ್ಟಿ ಮ್ಯಾಲ ಕುಂತು ಬಂದವರ ಚಪ್ಪಲಿ ಕಾಯ್ತೇನಿ."

ಹುಕ್ಕೇರಿ ನೀರು ಅಂದರೆ ನೀರಲ್ಲ. ಮೊಳಕೆ ಬರಿಸಿದ ಜೋಳವನ್ನು ಒಣಗಿಸಿ, ಬೀಸಿ, ಅಂಬಲಿ ಕಾಯಿಸಿ, ಹುಳಿಗೆ ಬಿಟ್ಟು ಮಾಡುತ್ತಿದ್ದ ಮನೆಯ ಬೀರು ಅದು. ಅಂಬಲಿಗಿಂತ ತೆಳು, ಮಜ್ಜಿಗೆಗಿಂತ ಮಂದ. ರಾಜಪ್ಪನ ಮನೆಯಲ್ಲಿ ಹಿಂದೆ ಕಣದಲ್ಲಿ ರಾಶಿ ಮಾಡುವ ದಿನ ಅದರ ಗಡಿಗೆ ಹೊರಗೆ ಬರುತ್ತಿತ್ತು. ಹೊಸ ಬಾಗಿಲು ನಿಲ್ಲಿಸಿದಾಗ ಹೊಸ್ತಿಲಿಗೆ ಒಂದಿಷ್ಟು ಸುರಿಯುತ್ತಿದ್ದರು. ಅದನ್ನು ಹೆಂಡ ಅಂದರೆ ಮರ್ಯಾದೆ ಹೋಗುತ್ತದೆ, ಶೆರೆ ಅಂದರೆ ಹೆಣ್ಣುಮಕ್ಕಳಿಗೆ ಹಳೆಯ ಜಗಳಗಳು ನೆನಪಾಗುತ್ತವೆ. ನೀರು ಅಂದುಬಿಟ್ಟರೆ ಯಾರೂ ಏನೂ ಅನ್ನುವಂತಿಲ್ಲ. ಅದಕ್ಕೆ ನೀರು. ಆದರೆ ಗೋಕಾಕದ ಮನೆಯಲ್ಲಿ ಕಾಯಿಸಿದ ನೀರಿಗೆ ಹುಕ್ಕೇರಿಯ ಹೆಸರು ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ. ರಾಶಿ ಮಾಡುವ ಮಷಿನ್ ಬಂತು, ಕಣ ಹೋಯಿತು, ಕಣದ ಹಿಂದೆ ಗಡಿಗೆಯೂ ಹೋಯಿತು. ಆ ಮಾತನ್ನು ಕೇಳಿಯೇ ಎಷ್ಟೋ ವರ್ಷವಾಗಿತ್ತು.

ನಾನು ರಾಜಪ್ಪನ ಓಣಿಯವನೇ, ಮಾಳು. ಮೂರು ಗಾಲಿಯ ಟಂಟಂ ಓಡಿಸುತ್ತೇನೆ. ಅವನು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಚಿಕ್ಕಂದಿನಲ್ಲಿ ನನ್ನ ಮನೆಯಲ್ಲಿ ತಿಂದದ್ದಕ್ಕಿಂತ ಹೆಚ್ಚು ರೊಟ್ಟಿಯನ್ನು ಚಿಕ್ಕಮ್ಮನ ಹಾಗಿರುವ ಶೆಟ್ಟೆವ್ವ ಕಾಕುವಿನ ಕೈಯಿಂದಲೇ ತಿಂದಿದ್ದೇನೆ. ಆ ಕೈಯ ರೊಟ್ಟಿ ತಿಂದವನಿಗೆ ಆ ಹೆಂಗಸಿನ ಹಟ ಎಂಥದ್ದು ಅಂತಲೂ ಗೊತ್ತು.

ರಾಜಪ್ಪ ಮೊದಲು ಸುಲಭದ ದಾರಿ ಹಿಡಿದ. ಮರುದಿನ ಪೇಪರಿನಲ್ಲಿ ಸುತ್ತಿದ ಬೀರಿನ ಬಾಟಲಿ ತಂದು ಹಳೆಯ ಮನೆಯಲ್ಲಿ ತಾಯಿಯ ಮುಂದೆ ಇಟ್ಟ. ಕಾಕು ಪೇಪರು ಬಿಚ್ಚಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಣ್ಣ ಚಲೋ ಐತಿ. ಇದನ್ನ ಮಾಡಿದಾಕಿ ಯಾ ಊರಾಕಿ?"

"ಅದನ್ನ ಫ್ಯಾಕ್ಟರಿಯೊಳಗ ಮಾಡ್ತಾರ, ಯವ್ವಾ."

"ಹಂಗಾರ ಒಯ್ದು ಫ್ಯಾಕ್ಟರಿ ಹೊಸ್ತಿಲಕ್ಕ ಹಾಕ್ರಿ."

ಹೊಸ ಮನೆಯ ಪಕ್ಕದ ಪ್ಲಾಟಿನ ರಾವಸಾಹೇಬ ಆ ಹೊತ್ತಿಗೇ ಬರಬೇಕೆ. ಬೆಲ್ಲದ ವ್ಯಾಪಾರದ ಜೈನರ ಮನುಷ್ಯ, ಸೂರ್ಯ ಮುಳುಗಿದ ಮೇಲೆ ಊಟ ಮಾಡದವನು. ಬಾಟಲಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ರಾಜಪ್ಪಾ, ವಾಸ್ತುಶಾಂತಿಗೆ ಇದು ಯಾ ಪಂಚಾಂಗದಾಗ ಐತೋ?"

"ಪಂಚಾಂಗ ಅಲ್ರಿ ಸಾವ್ಕಾರ, ನಮ್ಮವ್ವ ಹೇಳ್ಯಾಳ."

"ಅವ್ವ ಹೇಳ್ಯಾಳ ಅಂದ್ರ ನಾ ಏನೂ ನೋಡಿಲ್ಲ, ಏನೂ ಕೇಳಿಲ್ಲ," ಅಂದು ರಾವಸಾಹೇಬ ಬಂದ ದಾರಿ ಹಿಡಿದ. ಅವನ ಮನೆಯಲ್ಲೂ ಒಬ್ಬ ತಾಯಿ ಇದ್ದಳು.

ಆಗ ರಾಜಪ್ಪನ ಹೆಂಡತಿ ಮಾಲಾ ಒಲೆಯ ಮುಂದಿನಿಂದ ಎದ್ದು ಬಂದಳು. ಕೊಣ್ಣೂರಿನ ಹೆಣ್ಣು, ಮಾತು ಕಡಿಮೆ, ಕೆಲಸ ಚೊಕ್ಕ. "ಅತ್ತಿ, ಹೆಂಗ ಮಾಡೂದು ಹೇಳ್ರಿ. ನಾ ಮಾಡ್ತೇನಿ," ಅಂದಳು.

ಕಾಕು ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು. "ನೀ ಮಾಡಿದ್ರ ಅದು ಹುಕ್ಕೇರಿ ನೀರ ಹೆಂಗ ಆಗತೈತಿ?" ಅಂದು ಎದ್ದು ಹೋದಳು.

ನಮಗೆ ಗಂಡಸರಿಗೆ ತಿಳಿದದ್ದು ಇಷ್ಟೇ: ಸಾಮಾನು ಹುಕ್ಕೇರಿಯಿಂದಲೇ ಬರಬೇಕು. ಹುಕ್ಕೇರಿ ರಾಜಪ್ಪನ ಆಯಿಯ ತವರು. ಆಯಿ ಅಂದರೆ ಶೆಟ್ಟೆವ್ವ ಕಾಕುವಿನ ಅತ್ತೆ, ತೀರಿಕೊಂಡು ಬಹಳ ದಿನವಾಯಿತು. ಅಲ್ಲಿ ಇನ್ನೂ ನೆಂಟರಿದ್ದಾರೆ. ನಾನು ಟಂಟಂ ಹೊರಗೆ ತೆಗೆದೆ. ಕಬ್ಬಿನ ಸೀಸನ್ನು. ಕೊಣ್ಣೂರು ದಾಟುವಷ್ಟರಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಅವುಗಳ ಹಾಡು ಕೇಳುತ್ತ, ಧೂಳು ಕುಡಿಯುತ್ತ ಹೋದೆವು.

ಹುಕ್ಕೇರಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ ರಾಜಪ್ಪ ಬಾಯಿ ತಡೆಯದೆ ಚಹಾದವನನ್ನು ಕೇಳಿಯೇಬಿಟ್ಟ. ಚಹಾದವನು ಜಂಬದಿಂದ ಎದೆ ಮುಂದೆ ಮಾಡಿದ. "ನಮ್ಮ ಊರ ಬಾವಿ ನೀರು ಅಂದ್ರ ಏನ ತಿಳದೀರಿ? ಬ್ಯಾರೆ ಊರ ನೀರಾಗ ಬ್ಯಾಳಿ ಸೈತ ಬೇಯೂದಿಲ್ಲ. ಅದಕ್ಕ ನೀವ ಹೇಳೂ ನೀರಿಗೆ ನಮ್ಮ ಊರ ಹೆಸರ ಬಂದೈತಿ." ಮಾತು ನಂಬುವ ಹಾಗೇ ಇತ್ತು. ಚಹಾ ಮಾತ್ರ ಆ ನೀರಿಗೆ ಮರ್ಯಾದೆ ತರುವ ಹಾಗೆ ಇರಲಿಲ್ಲ.

ಆಯಿಯ ತವರುಮನೆಯಲ್ಲಿ ಈಗ ಹಿರಿಯಳು ದುಂಡವ್ವ, ಆ ಮನೆಯ ಸೊಸೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬಂದ ಕಾರಣ ಹೇಳಿದ ಕೂಡಲೇ ಅವಳ ಕೈ ನಿಂತಿತು.

"ಹುಕ್ಕೇರಿ ನೀರು? ಹಂಗಂದ್ರ ಏನು?"

ರಾಜಪ್ಪ ಮೊಳಕೆ, ಗಡಿಗೆ, ಹೊಸ್ತಿಲು ಅಂತ ಬಿಡಿಸಿ ಹೇಳಿದ.

"ಓ, ಅದಾ! ಅದು ಹುಕ್ಕೇರಿ ನೀರ ಯಾಕ ಆಗತೈತಿ? ನಮ್ಮ ಮನ್ಯಾಗ ಅದು ಮೂಡಲಗಿ ನೀರು." ದುಂಡವ್ವ ಶೇಂಗಾದ ಸಿಪ್ಪೆಯನ್ನು ಊದಿ ಹಾರಿಸಿದಳು. "ನಾ ಬರೂಕಿಂತ ಮದಲ ಏನಂತಿದ್ದರೋ ಯಾರ ಬಲ್ಲರು. ನಾ ಬಂದಾಗಿಂದ ಮೂಡಲಗಿ ನೀರು."

"ಹಂಗಾರ ಮೂಡಲಗಿಯಿಂದ ತರತಿದ್ರೇನು?" ಅಂದೆ ನಾನು.

ಅವಳು ನಮ್ಮಿಬ್ಬರ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಇದಕ್ಕ ಇಬ್ಬರು ಗಂಡಸರು ಎಣ್ಣಿ ಸುಟಗೊಂತ ಬಂದ್ರ್ಯಾ? ಹೋಗ್ರಿ, ಮೂಡಲಗಿಗೇ ಹೋಗ್ರಿ. ಅಲ್ಲೇ ನಿಮ್ಮವ್ವನ ತವರುಮನಿ ಐತಿ. ಅಲ್ಲಿ ಕೇಳ್ರಿ."

ಅವಳು ಪೇಪರಿನಲ್ಲಿ ಕಟ್ಟಿಕೊಟ್ಟ ಶೇಂಗಾ ತಿನ್ನುತ್ತ, ಘಟಪ್ರಭಾ ದಾಟಿ, ಅರಭಾವಿಯ ಮೇಲಿಂದ ಮೂಡಲಗಿಯ ದಾರಿ ಹಿಡಿದೆವು. ದಾರಿಯುದ್ದಕ್ಕೂ ರಾಜಪ್ಪ ಗೊಣಗಿದ. ಸುಟ್ಟ ಮೋಟಾರಿನಲ್ಲಿ ಯಾವ ತಂತಿ ಕಡಿದಿದೆ ಅಂತ ನೋಡಿದರೆ ತಿಳಿಯುತ್ತದೆ, ಹೆಂಗಸರ ಮಾತಿನಲ್ಲಿ ಎಲ್ಲಿ ಕಡಿದಿದೆ ಅಂತ ತಿಳಿಯುವುದಿಲ್ಲ ಅನ್ನುವುದು ಅವನ ದೂರು. ಕಡಿದಿರುವುದು ನಮ್ಮ ಕಡೆಯೇ ಇರಬಹುದು ಅಂದೆ. ಅವನಿಗೆ ಹಿಡಿಸಲಿಲ್ಲ.

ಮೂಡಲಗಿಯಲ್ಲಿ ರಾಜಪ್ಪನ ಸೋದರಮಾವ ತೋಟಕ್ಕೆ ಹೋಗಿದ್ದ. ಅವನ ಹೆಂಡತಿ ಸತ್ತೆವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ರಾಜಪ್ಪ ಕುಳಿತುಕೊಳ್ಳುವುದಕ್ಕೂ ಮೊದಲೇ ಕೇಳಿದ: "ಮಾಮಿ, ಮೂಡಲಗಿ ನೀರ ಹೆಂಗ ಮಾಡ್ತೀರಿ?"

"ಯಾ ಮೂಡಲಗಿ ನೀರೋ? ನಳದಾಗ ಬರತೈತಲ್ಲ, ಅದಾ?"

"ಅಲ್ರಿ, ಮೊಳಕಿ ಜ್ವಾಳದ್ದು."

"ಅದಕ್ಕ ಇಲ್ಲಿ ಗೋಕಾಕ ನೀರ ಅಂತಾರ," ಅಂದಳು ಸತ್ತೆವ್ವ.

ರಾಜಪ್ಪ ಅಲ್ಲೇ ಹಿಂಡಿಯ ಚೀಲದ ಮೇಲೆ ಕುಸಿದು ಕುಳಿತ. "ತಗೋ! ಮುಂಜಾನಿಂದ ಗಾಣದ ಎತ್ತಿನಂಗ ತಿರುಗಿ ತಿರುಗಿ ನಮ್ಮ ಊರಿಗೇ ಬಂದ್ವಿ. ಲೇ ಮಾಳ್ಯಾ, ಟಂಟಂ ತಿರುಗಸೋ, ನಮ್ಮ ಮನಿ ಹಿತ್ತಲದಾಗ ಹುಡುಕೂನು."

ನನಗೆ ಮಾತ್ರ ದುಂಡವ್ವನ ನಗು ತಲೆಯಲ್ಲಿ ಕೊರೆಯುತ್ತಿತ್ತು. ಇಷ್ಟು ವರ್ಷ ಸೀಟಿನ ಹಿಂದೆ ಹೆಂಗಸರ ಮಾತು ಕೇಳುತ್ತ ಗಾಡಿ ಓಡಿಸಿದವನು ನಾನು. ಯಾವ ಮನೆಯ ಮಾತೇ ಇರಲಿ, ಮೊದಲು ಬರುವ ಪ್ರಶ್ನೆ ಒಂದೇ. ಅದನ್ನೇ ಕೇಳಿದೆ.

"ಮಾಮಿ, ನಿಮ್ಮ ತವರುಮನಿ ಯಾವುದ್ರಿ?"

"ಗೋಕಾಕ ಅಲ್ಲೇನೋ. ನಿಮ್ಮ ಹಿಂದಿನ ಓಣಿ."

"ಮತ್ತ ಹುಕ್ಕೇರಿ ದುಂಡವ್ವಂದು?"

"ಈ ಓಣಿ ತುದಿ ಮನಿ. ನಿಮಗ ಗೊತ್ತಿಲ್ಲಾ?"

ಸತ್ತೆವ್ವ ಕೈ ತೊಳೆದುಕೊಂಡು ಬಂದು ನಮ್ಮೆದುರು ಕುಳಿತಳು. ಗಂಡಸರಿಗೆ ಇದನ್ನೂ ಹೇಳಿಕೊಡಬೇಕಾಯಿತಲ್ಲ ಅನ್ನುವ ಕನಿಕರ ಅವಳ ಮುಖದಲ್ಲಿತ್ತು.

"ಆ ಗಡಗಿ ಮಾಡಾಕಿ ಯಾವಾಗಲೂ ಮನೀ ಸೊಸಿ. ಬಂದ ವರ್ಷ ತವರಿಂದ ಒಂದ ಸೇರ ಜ್ವಾಳ ತರ್ತಾಳ, ಮದಲನೇ ಗಡಗಿ ಅದರದ್ದು. ಆಕಿ ಯಾ ಊರಾಕಿ, ಆ ಗಡಗಿ ಆ ಊರ ನೀರು. ಮುಂದಿನ ಸೊಸಿ ಬಂದ್ಳು, ಹೆಸರ ಬದಲಾತು. ಹೆಣ್ಣಮಗಳಿಗೆ ಗಂಡನ ಮನ್ಯಾಗ ಏನಿರತೈತೋ ತಮ್ಮಾ? ಅಡ್ಡಹೆಸರು ಅವರದು, ಮನಿ ಅವರದು, ಮಕ್ಕಳ ಹೆಸರ ಮುಂದ ಅವರ ಹೆಸರು. ತವರ ಹೆಸರ ಉಳಿಯೂದು ಆ ಗಡಗಿ ಮ್ಯಾಲ ಒಂದ."

ರಾಜಪ್ಪ ಲೆಕ್ಕ ಹಾಕಿದ. "ಹಂಗಾರ ನಮ್ಮವ್ವ ಮೂಡಲಗಿಯಾಕಿ. ನಮ್ಮ ಮನ್ಯಾಗ ಅದು ಮೂಡಲಗಿ ನೀರ ಆಗಬೇಕಿತ್ತು."

"ಆಗಬೇಕಿತ್ತು," ಅಂದಳು ಸತ್ತೆವ್ವ. "ನಿಮ್ಮ ಆಯಿ ಬಿಡಲಿಲ್ಲ. ಗಡಗಿ ಕೈಯಿಂದ ಬಿಟ್ಳು, ಹೆಸರ ಬಿಡಲಿಲ್ಲ. ನಿಮ್ಮವ್ವ ಮೊಳಕಿ ಹಾಕಾಕಿ, ಬೀಸಾಕಿ, ಹೊಗಿಯೊಳಗ ಕಣ್ಣ ಕೆಂಪ ಮಾಡಕೊಂಡು ಕಾಸಾಕಿ; ಕಣದಾಗ ಮಂದಿ ಕುಡದು, 'ಭಾಳ ಚಲೋ ಆಗೇತಿ ಈ ಸಲದ ಹುಕ್ಕೇರಿ ನೀರು' ಅನ್ನವರು. ಒಂದ ಪಂಚಮಿಗೆ ಬಂದಾಗ ಈ ಕಂಬಕ್ಕ ಒರಗಿ ಅತ್ತಿದ್ದಳು. ಆಮ್ಯಾಲ ಯಾರ ಮುಂದೂ ಅಂದಿಲ್ಲ."

ರಾಜಪ್ಪ ಕಂಬದ ಕಡೆ ನೋಡಿದ. ಅಲ್ಲಿ ಈಗ ಮೊಬೈಲ್ ಚಾರ್ಜರ್ ನೇತಾಡುತ್ತಿತ್ತು.

ಬಾಟಲಿ ಹಿಡಿದು ಕಾಕು ಕೇಳಿದ ಪ್ರಶ್ನೆ ಆಗ ನಮಗೆ ಅರ್ಥವಾಯಿತು. ಹುಕ್ಕೇರಿ ನೀರು ಬೇಕು ಅಂತ ಅವಳು ಹಟ ಹಿಡಿದದ್ದೂ ನಿಜವಾಗಿ ಹುಕ್ಕೇರಿ ನೀರಿಗಾಗಿ ಅಲ್ಲ. ಅದು ಹುಕ್ಕೇರಿಯದಲ್ಲ ಅಂತ ಮಗ ಒಂದು ಸಲ ಆದರೂ ಬಾಯಿ ಬಿಟ್ಟು ಹೇಳಲಿ ಅಂತ. ಹೊರಡುವಾಗ ಸತ್ತೆವ್ವ ಒಂದು ಚೀಲ ಜೋಳ ತಂದು ಟಂಟಂನಲ್ಲಿ ಇಟ್ಟಳು. ಆ ಮನೆಯ ಹೊಲದ ಜೋಳ, ಕಾಕು ಆಡಿ ಬೆಳೆದ ಹೊಲದ್ದು.

ಮರುದಿನ ಬೆಳಿಗ್ಗೆ ರಾಜಪ್ಪ ಚೀಲವನ್ನು ತಾಯಿಯ ಮುಂದೆ ಇಟ್ಟು ಬಾಯಿ ಬಿಚ್ಚಿದ. "ಮೂಡಲಗಿ ಜ್ವಾಳ, ಯವ್ವಾ. ಹೊಸ್ತಿಲಕ್ಕ ಮೂಡಲಗಿ ನೀರ ಹಾಕೂನು. ಅದು ಯಾವಾಗಲೂ ಮೂಡಲಗಿ ನೀರ ಇತ್ತು. ನಮಗ ಗೊತ್ತಾಗಲಿಲ್ಲ."

ಕಾಕು ಕೈಯನ್ನು ಜೋಳದಲ್ಲಿ ಮೊಣಕೈ ತನಕ ಇಳಿಸಿದಳು. ಒಂದು ಹಿಡಿ ತೆಗೆದು ಮೂಸಿ ನೋಡಿದಳು. "ಸತ್ತೆವ್ವ ಬೇವಿನ ಎಲಿ ಹಾಕಿ ಇಟ್ಟಾಳ, ಹುಳ ಹಿಡದಿಲ್ಲ," ಅಂದಳು. ಆಮೇಲೆ, "ಈಗ ನನ್ನ ಕೈಲೆ ಎಲ್ಲಿ ಆಗತೈತೋ? ಬೀಸೂದು, ಅಷ್ಟ ದೊಡ್ಡ ಗಡಗಿ ಇಳಸೂದು..."

ಎಲ್ಲರ ಕಣ್ಣು ಮಾಲಾಳ ಕಡೆ ಹೋಯಿತು.

"ನಾ ಮಾಡ್ತೇನಿ ಅಂತ ಆವತ್ತ ಅಂದೇನಲ್ರಿ," ಅಂದಳು ಮಾಲಾ. "ನೀವು ಬಾಜೂ ಕುಂತು ಹೇಳ್ರಿ. ಹೆಸರ ನಿಮಗ ಬೇಕಾದ್ದ ಇಡ್ರಿ."

ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಆಡಿದ ಮಾತು. ಆದರೆ ಕಾಕು ಹಿಡಿಯಲ್ಲಿದ್ದ ಜೋಳವನ್ನು ಮತ್ತೆ ಚೀಲಕ್ಕೆ ಸುರಿದಳು. "ಇದ ಮಾತ ನಾನೂ ನಮ್ಮತ್ತಿಗೆ ಅಂದಿದ್ದೆ," ಅಂದಳು ಮೆಲ್ಲಗೆ. "ಬೇಕಾದ್ದ ಇಡ್ರಿ ಅಂದೆ. ಇಟ್ಳು." ಜೋಳ ನೆನೆಯಿಡಲು ದೊಡ್ಡ ಪಾತ್ರೆ ತರಿಸಿದಳು.

ಆ ವಾರವೆಲ್ಲ ಅತ್ತೆ ಸೊಸೆ ಇಬ್ಬರೂ ಗಡಿಗೆಯ ಸುತ್ತ. ಒದ್ದೆ ಅರಿವೆಯಲ್ಲಿ ಕಟ್ಟಿದ ಜೋಳಕ್ಕೆ ಅಕ್ಕಿಕಾಳಿನಷ್ಟು ಬಿಳಿ ಮೊಳಕೆ ಬಂತು. ಮಾಳಿಗೆಯ ಮೇಲೆ ಒಣಗಿ, ಗಿರಣಿಯಲ್ಲಿ ರವೆಯಾಗಿ, ಕುದಿದು, ತಣ್ಣಗಾಗಿ, ಮತ್ತೊಂದು ಹಿಡಿ ಹಸಿ ರವೆ ಬೆರೆತು, ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಮೂಲೆಯಲ್ಲಿ ಕುಳಿತಿತು. ಗಡಿಗೆಯೊಳಗೆ ಗುಳುಗುಳು ಸದ್ದು ಎದ್ದಾಗ ಮಾಲಾ ಓಡಿಬಂದು ಕರೆದಳು. "ಅತ್ತಿ, ಮಾತಾಡಾಕತ್ತೈತಿ ಬರ್ರಿ!" ಇಬ್ಬರೂ ಕಿವಿಯಿಟ್ಟು ಕೇಳುತ್ತ ಕುಳಿತರು. ಇಷ್ಟು ವರ್ಷದಲ್ಲಿ ಅವರಿಬ್ಬರು ಅಷ್ಟು ಹತ್ತಿರ ಕುಳಿತದ್ದನ್ನು ತಾನು ನೋಡಿರಲಿಲ್ಲ ಅಂತ ರಾಜಪ್ಪ ನಾನು ಟಂಟಂ ನಿಲ್ಲಿಸುವಲ್ಲಿಗೆ ಬಂದು ಹೇಳಿದ. ಅಬಕಾರಿಯವರ ಕಿವಿಗೆ ಬೀಳದಂತೆ ಸಣ್ಣ ದನಿಯಲ್ಲಿ ಹೇಳು ಅಂದೆ.

ಆದರೂ ನನಗೆ ಒಂದು ಚಿಂತೆ ಇತ್ತು. ಹೊಸ್ತಿಲಿಗೆ ಸುರಿಯುವಾಗ ಮನೆಯ ಹಿರಿಯ ಹೆಂಗಸು ಆ ನೀರಿನ ಹೆಸರು ಹಿಡಿದು ಕೂಗಬೇಕು, ಹೊಸ್ತಿಲನ್ನು ದಾರಿ ಕೇಳಬೇಕು. ಕಾಕು ಮೂಡಲಗಿ ಅಂದರೆ, ತನಗೆ ಆದದ್ದನ್ನೇ ಸೊಸೆಗೂ ಮಾಡಿದ ಹಾಗೆ. ಕೊಣ್ಣೂರು ಅಂದರೆ, ಅವಳ ಇಡೀ ಬಾಳಿನ ಆಸೆ ಮತ್ತೆ ಮೂಲೆಗೆ. ಇದರಲ್ಲಿ ನಾವು ಹೇಳುವಂಥದ್ದು ಏನೂ ಇರಲಿಲ್ಲ.

ವಾಸ್ತುಶಾಂತಿಯ ದಿನ ಮಂದಿ ಬಹಳ ಕೂಡಿತ್ತು. ಮೂಡಲಗಿಯಿಂದ ಸತ್ತೆವ್ವ, ಕೊಣ್ಣೂರಿನಿಂದ ಮಾಲಾಳ ಅಣ್ಣ ಭೀಮಶಿ ಬಂದಿದ್ದರು. ರಾವಸಾಹೇಬ ತನ್ನ ಗೇಟಿನ ಆಚೆಯೇ ನಿಂತು, ನೋಡಿಯೂ ನೋಡದವನ ಹಾಗೆ ನೋಡುತ್ತಿದ್ದ. ಹೋಮದ ಹೊಗೆ ಕಿಟಕಿಗಳಿಂದ ಹೊರಬರುತ್ತಿತ್ತು. ಕಾಕು ಮಾತ್ರ ಹೊರಗೆ ಕಟ್ಟೆಯ ಮೇಲೆ, ಇಳಕಲ್ ಸೀರೆ ಉಟ್ಟುಕೊಂಡು, ತಾನು ಹೇಳಿದ್ದ ಹಾಗೇ ಚಪ್ಪಲಿಗಳ ನಡುವೆ ಕುಳಿತಿದ್ದಳು.

ಮಾಲಾ ಗಡಿಗೆ ತಂದು ಹೊಸ್ತಿಲ ಮುಂದೆ ಇಳಿಸಿದಳು. ಕಾಕು ಎದ್ದಳು. ರಾಜಪ್ಪ ಗಡಿಗೆಯ ತಳಕ್ಕೆ ಕೈ ಕೊಟ್ಟ. ಅವಳು ಒಂದು ಸಲ ಸತ್ತೆವ್ವನ ಕಡೆ ನೋಡಿ, ಉಸಿರು ಎಳೆದುಕೊಂಡು ಕೂಗಿದಳು:

"ಮೂಡಲಗಿ ನೀರ ಬಂತವ್ವಾ! ಹೊಸ್ತಿಲವ್ವಾ, ದಾರಿ ಬಿಡು!"

ದನಿ ನಡುವೆ ಒಡೆಯಿತು, ಆದರೂ ಓಣಿಯ ತುದಿಗೆ ಕೇಳಿಸಿತು. ಬೂದಿ ಬಣ್ಣದ ನೀರು ಸಾಗವಾನಿಯ ಮೇಲೆ ಹರಿದು ನೊರೆಯಾಯಿತು. ಸತ್ತೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮಾಲಾ ತಲೆ ಬಗ್ಗಿಸಿ, ಕಾಲ ಹತ್ತಿರ ಸಿಡಿದ ಹನಿಗಳನ್ನು ಅರಿವೆಯಿಂದ ಒರೆಸತೊಡಗಿದಳು. ಅವಳ ಮುಖ ಯಾರಿಗೂ ಕಾಣಲಿಲ್ಲ.

ಇನ್ನು ದಾಟುತ್ತಾಳೆ ಅಂತ ಎಲ್ಲರೂ ಬದಿಗೆ ಸರಿದೆವು. ಕಾಕು ದಾಟಲಿಲ್ಲ. ಅರ್ಧ ಉಳಿದ ಗಡಿಗೆಯನ್ನು ರಾಜಪ್ಪನ ಕೈಯಿಂದ ತೆಗೆಸಿ ಮಾಲಾಳ ಮುಂದೆ ಇಡಿಸಿದಳು.

"ಏಳ. ಅರ್ಧ ನಿಂದು. ನಿಮ್ಮ ಊರ ಹೆಸರ ಕೂಗು."

"ಅಲ್ರಿ ಅತ್ತಿ, ಜ್ವಾಳ ಮೂಡಲಗೀದು."

"ಕೈ ಯಾ ಊರದು?"

ಮಾಲಾ ಅತ್ತೆಯ ಮುಖ ನೋಡಿದಳು. "ಕೊಣ್ಣೂರದು."

"ಮತ್ತ? ನಾ ಏನ ಉಪಕಾರ ಮಾಡಾಕತ್ತಿಲ್ಲ. ನಂದು ನಾ ತಗೊಂಡೆ, ನಿಂದು ನೀ ತಗೋ. ಕೂಗು."

ಮಾಲಾಳ ದನಿ ಅವಳ ಹಾಗೇ ಸಣ್ಣದು. "ಕೊಣ್ಣೂರ ನೀರ ಬಂತವ್ವ..." ಅಂದದ್ದು ಮುಂದಿನವರಿಗಷ್ಟೇ ಕೇಳಿಸಿತು. "ಇನ್ನೊಮ್ಮೆ!" ಅಂದಳು ಕಾಕು. ಈ ಸಲ ಮಾಲಾ ಕೂಗಿದ್ದಕ್ಕೆ ಹಿಂದಿನಿಂದ ಭೀಮಶಿ ಸೀಟಿ ಹೊಡೆದ. ಹೋಮದ ಮುಂದಿದ್ದ ಐನವರು ಗಾಬರಿಯಿಂದ ತಿರುಗಿ ನೋಡಿದರು. ಮಂದಿಯೆಲ್ಲ ನಕ್ಕಿತು.

ರಾಜಪ್ಪ ತಲೆ ಕೆರೆದುಕೊಂಡ. "ಯವ್ವಾ, ಇನ್ನ ಮ್ಯಾಲ ನಾವು ಏನಂತ ಕರೀಬೇಕು?"

"ನೀ ಯಾಕ ಕರೀತೀ? ನೀ ಮಾಡ್ತೀ ಏನು? ಮಾಡಾಕಿ ಕರೀತಾಳ," ಅಂದು ಕಾಕು ಸೊಸೆಯ ಮೊಣಕೈ ಹಿಡಿದು, ಸೀರೆಯ ನಿರಿಗೆ ಎತ್ತಿ, ಒದ್ದೆ ಹೊಸ್ತಿಲನ್ನು ದಾಟಿದಳು.

ಗಡಿಗೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನೂ ಭೀಮಶಿಯೂ ಬಟ್ಟಲಿಗೆ ಬಗ್ಗಿಸಿಕೊಂಡೆವು. ಮೊದಲು ಹುಳಿ, ಹಿಂದೆ ಹಿಟ್ಟಿನ ಸಿಹಿ, ಕೊನೆಗೆ ಹೊಟ್ಟೆಯಲ್ಲಿ ಸಣ್ಣಗೆ ಬೆಚ್ಚಗೆ. ರಾವಸಾಹೇಬ ಗೇಟಿನ ಆಚೆಯಿಂದ, "ಹೆಂಗೈತೋ ಮಾಳ್ಯಾ?" ಅಂದ. "ಏನೂ ಕೇಳಿಲ್ಲ ಅಂದಿದ್ರಿ?" ಅಂದೆ. "ಕೇಳಾಕತ್ತಿಲ್ಲೋ, ಸುಮ್ಮನ ಮಾತಾಡ್ಸಿದೆ," ಅಂದ.

ಅಷ್ಟರಲ್ಲಿ ಒಳಗಿನ ಅಡುಗೆಮನೆಯಿಂದ ಕಾಕುವಿನ ದನಿ ಏರಿತು.

"ಏ ಮಾಲಾ, ಈ ಒಲಿ ಕಟ್ಟಿ ಇಷ್ಟ ಎತ್ತರ ಯಾಕ ಕಟ್ಟಿಸೀರಿ? ನನ್ನಂಥಾ ಗಿಡ್ಡ ಹೆಂಗಸು ಇಲ್ಲಿ ರೊಟ್ಟಿ ಬಡಿಯೂದು ಹೆಂಗ?"

"ನೀವ ಯಾಕ ಬಡೀತೀರಿ, ಅತ್ತಿ? ನಾ ಇದ್ದೇನಲ್ಲ."

"ಯಾಕ, ನಾ ಬಡೀಬಾರದೇನು? ನಿನ್ನ ರೊಟ್ಟಿ ತುದಿ ದಪ್ಪ ಆಗತಾವ."

"ಇಪ್ಪತ್ತ ವರ್ಷ ಅದನ್ನ ಉಂಡೀರಿ!"

"ಉಂಡೇನಿ, ಅದಕ್ಕ ಹೇಳಾಕತ್ತೇನಿ!"

ರಾಜಪ್ಪ ನನ್ನ ಮುಖ ನೋಡಿದ. "ಹೊಸ ಮನ್ಯಾಗ ಒಕ್ಕಲಾದರು ಬಿಡು," ಅಂದ.